ಸಣ್ಣ ವಿಮಾನದ ಪೈಲಟ್‌ಗೆ ಯಾವ ಹಾರಾಟ ಯೋಜನೆಯ ತಂತ್ರಾಂಶ?

ನಾನು ಮೊದಲು ಟ್ಯಾಬ್ಲೆಟ್ ಕೊಂಡೆ, ತಂತ್ರಾಂಶವನ್ನು ಆಮೇಲೆ ಹುಡುಕಿದೆ. ಆ ಟ್ಯಾಬ್ಲೆಟ್‌ನಲ್ಲಿ ವೈಫೈ ಮಾತ್ರ ಇತ್ತು, ಜಿಪಿಎಸ್ ಇರಲಿಲ್ಲ. ಮನೆಯಲ್ಲಿ ತೆರೆದಾಗ ನಕ್ಷೆಯ ಮೇಲೆ ನಾನಿದ್ದ ಜಾಗವನ್ನು ಸರಿಯಾಗಿಯೇ ತೋರಿಸುತ್ತಿತ್ತು. ಸುತ್ತಲಿನ ವೈಫೈ ಜಾಲಗಳಿಂದ ಊಹಿಸಿ ತೋರಿಸುತ್ತಿದೆ ಎಂಬುದು ನನಗೆ ಗೊತ್ತಿರಲಿಲ್ಲ. ಮೇಲೇರಿದ ಎರಡನೆಯ ನಿಮಿಷಕ್ಕೆ ಪರದೆಯ ಮೇಲಿನ ಪುಟ್ಟ ವಿಮಾನ ನಿಂತಲ್ಲೇ ನಿಂತಿತು. ಅಂದು ಆಕಾಶ ತಿಳಿಯಾಗಿತ್ತು, ತೊಡೆಯ ಮೇಲೆ ಕಾಗದದ ಚಾರ್ಟ್ ಇತ್ತು, ಪಕ್ಕದ ಆಸನದಲ್ಲಿ ಬೋಧಕರಿದ್ದರು. ಏನೂ ಆಗಲಿಲ್ಲ. ಆದರೆ ಯಾವುದನ್ನು ಮೊದಲು ಕೇಳಬೇಕು, ಯಾವುದನ್ನು ಆಮೇಲೆ ಕೇಳಬೇಕು ಎಂಬುದನ್ನು ಅಂದಿನಿಂದ ನಾನು ಗಂಭೀರವಾಗಿ ಯೋಚಿಸುತ್ತಾ ಬಂದಿದ್ದೇನೆ.

ಹೊಸದಾಗಿ ಲೈಸೆನ್ಸ್ ಪಡೆದವರು ಸಾಮಾನ್ಯವಾಗಿ ಕೇಳುವುದು "ಯಾವುದು ಅತ್ಯುತ್ತಮ?" ಎಂದು. ಇದಕ್ಕೆ ಒಂದೇ ಉತ್ತರವಿಲ್ಲ. ಒಂದು ದೇಶದಲ್ಲಿ ಎಲ್ಲರೂ ಮೆಚ್ಚುವ ತಂತ್ರಾಂಶ ಇನ್ನೊಂದು ದೇಶದಲ್ಲಿ ಅರ್ಧ ಖಾಲಿ ನಕ್ಷೆಯನ್ನು ತೋರಿಸಬಹುದು. ಆದ್ದರಿಂದ ನನ್ನ ಕ್ರಮ ಹೀಗಿದೆ: ಮೊದಲು ಹಾರುವ ಪ್ರದೇಶ, ಆಮೇಲೆ ತಂತ್ರಾಂಶ ಕೊಡುವ ಅಂಕಿಗಳನ್ನು ಬಿಚ್ಚಿ ನೋಡಲು ಸಾಧ್ಯವೇ ಎಂಬ ಪರೀಕ್ಷೆ, ಆಮೇಲೆ ಸಾಧನ, ಕೊನೆಗೆ ಹಣ. ಪರದೆಯ ಅಂದಚೆಂದಕ್ಕೆ ಈ ಸಾಲಿನಲ್ಲಿ ಜಾಗವಿಲ್ಲ.

ಎಲ್ಲಿ ಹಾರುತ್ತೀರಿ?

ಹಾರಾಟ ಯೋಜನೆಯ ತಂತ್ರಾಂಶದಲ್ಲಿ ಅರ್ಧ ಲೆಕ್ಕಾಚಾರ, ಇನ್ನರ್ಧ ದತ್ತಾಂಶ. ವಾಯುವಲಯದ ಗಡಿ, ರೇಡಿಯೊ ತರಂಗಾಂತರ, ರನ್‌ವೇಯ ಉದ್ದ, ದಾರಿಯಲ್ಲಿರುವ ಗೋಪುರದ ಎತ್ತರ, ಇವೆಲ್ಲ ಬದಲಾಗುತ್ತಲೇ ಇರುತ್ತವೆ. ಇಂಥ ಬದಲಾವಣೆಗಳನ್ನು ಜಗತ್ತಿನಾದ್ಯಂತ 28 ದಿನಗಳ ಒಂದು ಚಕ್ರಕ್ಕೆ ಹೊಂದಿಸಿ ಪ್ರಕಟಿಸುತ್ತಾರೆ. ಅದಕ್ಕೆ ಐರ್ಯಾಕ್ ಚಕ್ರ ಎಂದು ಹೆಸರು. ಈ ಚಕ್ರದ ಜೊತೆ ಹೆಜ್ಜೆ ಹಾಕದ ತಂತ್ರಾಂಶ ಎಷ್ಟೇ ಚೆನ್ನಾಗಿದ್ದರೂ ನನಗೆ ಬೇಡ.

ಅಮೆರಿಕದಲ್ಲಿ ವಾಯುಯಾನ ಇಲಾಖೆಯಾದ ಎಫ್‌ಎಎ ತನ್ನ ಚಾರ್ಟ್‌ಗಳನ್ನೂ ದತ್ತಾಂಶವನ್ನೂ ಡಿಜಿಟಲ್ ರೂಪದಲ್ಲಿ ಉಚಿತವಾಗಿಯೇ ಕೊಡುತ್ತದೆ. ಐದು ಲಕ್ಷಕ್ಕೆ ಒಂದರ ಪ್ರಮಾಣದ ಸೆಕ್ಷನಲ್ ಚಾರ್ಟ್‌ಗಳು 2021ರಿಂದ 56 ದಿನಗಳಿಗೊಮ್ಮೆ ಹೊಸದಾಗುತ್ತಿವೆ. ಅಲ್ಲಿ ಇಷ್ಟೊಂದು ತಂತ್ರಾಂಶಗಳು ಹುಟ್ಟಿಕೊಂಡಿದ್ದಕ್ಕೆ, ಉಚಿತವಾದವುಗಳೂ ಸಾಕಷ್ಟು ಚೆನ್ನಾಗಿರುವುದಕ್ಕೆ ಇದೇ ಮುಖ್ಯ ಕಾರಣ. ಯುರೋಪಿನ ಸ್ಥಿತಿ ಬೇರೆ. ಪ್ರತಿ ದೇಶವೂ ತನ್ನದೇ ಪ್ರಕಟಣೆ ಹೊರಡಿಸುತ್ತದೆ, ಪ್ರತಿಯೊಂದರ ರೂಪ ಬೇರೆ, ಹುಲ್ಲಿನ ಸಣ್ಣ ರನ್‌ವೇಗಳು ಎಷ್ಟೋ ಸಲ ಅಧಿಕೃತ ಪಟ್ಟಿಯಲ್ಲೇ ಇರುವುದಿಲ್ಲ. ಅವನ್ನೆಲ್ಲ ಕಲೆಹಾಕಿ, ಒಂದೇ ಅಚ್ಚಿಗೆ ತಂದು, ತಪ್ಪು ತಿದ್ದುವ ಕೆಲಸವನ್ನು ಕಂಪನಿಯೇ ಮಾಡಬೇಕು. ಅಲ್ಲಿ ನೀವು ಕೊಡುವ ಚಂದಾ ಹಣದ ದೊಡ್ಡ ಪಾಲು ಈ ದುಡಿಮೆಗೇ ಹೋಗುತ್ತದೆ. ಆಸ್ಟ್ರೇಲಿಯಾದಲ್ಲಿ ಓಝ್‌ರನ್‌ವೇಸ್ ಮತ್ತು ಎವ್‌ಪ್ಲ್ಯಾನ್ ಎಂಬ ಎರಡು ಸ್ಥಳೀಯ ತಂತ್ರಾಂಶಗಳಿವೆ. ಅಲ್ಲಿ ಹಾರುವವರು ಹೊರಗಿನದನ್ನು ಹುಡುಕುವ ಮೊದಲು ಇವೆರಡನ್ನೂ ನೋಡಬೇಕು.

ದತ್ತಾಂಶ ಚೆನ್ನಾಗಿದೆಯೇ ಎಂದು ತಿಳಿಯಲು ಒಂದು ಸುಲಭದ ಉಪಾಯವಿದೆ. ನಿಮಗೆ ಅಂಗೈಯಷ್ಟು ಪರಿಚಿತವಾದ ಒಂದು ಸಣ್ಣ ನಿಲ್ದಾಣವನ್ನು ಆರಿಸಿಕೊಳ್ಳಿ. ಇತ್ತೀಚೆಗೆ ತರಂಗಾಂತರವೋ ಸರ್ಕ್ಯೂಟಿನ (ಇಳಿಯುವ ಮುನ್ನ ನಿಲ್ದಾಣದ ಬಳಿ ಸುತ್ತುವ ದಾರಿಯ) ದಿಕ್ಕೋ ಬದಲಾದ ನಿಲ್ದಾಣವಾದರೆ ಇನ್ನೂ ಒಳ್ಳೆಯದು. ಪರೀಕ್ಷೆಗೆ ತೆಗೆದುಕೊಂಡ ಪ್ರತಿ ತಂತ್ರಾಂಶದಲ್ಲೂ ಅದನ್ನು ತೆರೆದು ನೋಡಿ. ಹಳೆಯ ತರಂಗಾಂತರವೇ ಇನ್ನೂ ಕುಳಿತಿದ್ದರೆ, ನಿಮಗೆ ಗೊತ್ತಿಲ್ಲದ ನೂರಾರು ನಿಲ್ದಾಣಗಳ ಕಥೆಯೂ ಅಷ್ಟೇ ಎಂದು ತಿಳಿಯಬಹುದು.

ಮೂರು ದೊಡ್ಡವು, ಕೆಲವು ಉಚಿತವು

ಫೋರ್‌ಫ್ಲೈಟ್ 2007ರಲ್ಲಿ ಶುರುವಾಯಿತು. ಅಮೆರಿಕದ ಸಣ್ಣ ವಿಮಾನಗಳಲ್ಲಿ ಐಪ್ಯಾಡ್ ಕಂಡರೆ ಅದರಲ್ಲಿ ಇದೇ ಇರುವ ಸಂಭವ ಹೆಚ್ಚು. ಐಪ್ಯಾಡ್ ಮತ್ತು ಐಫೋನ್ ಮೇಲೆ ಮಾತ್ರ ಓಡುತ್ತದೆ, ಯೋಜನೆಯ ಕೆಲಸವನ್ನು ಕಂಪ್ಯೂಟರಿನ ಬ್ರೌಸರ್‌ನಲ್ಲೂ ಮಾಡಬಹುದು. ಆಂಡ್ರಾಯ್ಡ್ ಇದ್ದವರಿಗೆ ಇಲ್ಲ. ದಾರಿಯ ಗೆರೆಯನ್ನು ಬೆರಳಿನಿಂದ ಹಿಡಿದು ಎಳೆದರೆ ರಬ್ಬರಿನಂತೆ ಬಾಗುತ್ತದೆ, ಬಿಟ್ಟ ಜಾಗದಲ್ಲಿ ಹೊಸ ತಿರುವು ಸೇರಿಕೊಳ್ಳುತ್ತದೆ, ಸಮಯ ಮತ್ತು ಇಂಧನದ ಲೆಕ್ಕ ಕೂಡಲೇ ತಿದ್ದಿಕೊಳ್ಳುತ್ತದೆ. ನನ್ನ ದೃಷ್ಟಿಯಲ್ಲಿ ಇದರ ದೊಡ್ಡ ಬಲ ತಂತ್ರಾಂಶದ ಹೊರಗಿದೆ: ಇದನ್ನು ಬಲ್ಲ ಬೋಧಕರು ಅಮೆರಿಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಸಿಕ್ಕಿಕೊಂಡಾಗ ಕೇಳಲು ಜನ ಸಿಗುವುದು ಸಣ್ಣ ಸಂಗತಿಯಲ್ಲ. ಕೊರತೆಯೆಂದರೆ ಇದು ಬಹಳ ಬೆಳೆದಿದೆ. ಜೆಟ್ ಓಡಿಸುವವರಿಗೆ ಬೇಕಾದದ್ದೂ ಇದರಲ್ಲಿದೆ. ಎರಡು ಆಸನದ ವಿಮಾನದಲ್ಲಿ ಭಾನುವಾರ ಹಾರುವವರಿಗೆ ಮೆನುಗಳ ಕಾಡು ಸ್ವಲ್ಪ ದಟ್ಟವೆನಿಸಬಹುದು. 2019ರಲ್ಲಿ ಬೋಯಿಂಗ್ ಇದನ್ನು ಕೊಂಡಿತು, 2025ರಲ್ಲಿ ಚಾರ್ಟ್ ಕಂಪನಿಯಾದ ಜೆಪ್ಪೆಸನ್ ಜೊತೆಗೆ ಥೋಮಾ ಬ್ರಾವೊ ಎಂಬ ಹೂಡಿಕೆ ಸಂಸ್ಥೆಗೆ ಮಾರಿತು. ಒಡೆಯರು ಬದಲಾದಾಗ ಬೆಲೆಯೂ ಆದ್ಯತೆಯೂ ಬದಲಾಗಬಹುದು. ಹೀಗಾಗಿ ಯಾವುದೇ ತಂತ್ರಾಂಶವಿರಲಿ, ನಿಮ್ಮ ಲಾಗ್‌ಬುಕ್ಕನ್ನೂ ಉಳಿಸಿಟ್ಟ ದಾರಿಗಳನ್ನೂ ಹೊರತೆಗೆದು ಬೇರೆಡೆ ಇಟ್ಟುಕೊಳ್ಳಲು ಬರುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಗಾರ್ಮಿನ್ ಪೈಲಟ್ ಐಪ್ಯಾಡ್ ಮತ್ತು ಆಂಡ್ರಾಯ್ಡ್ ಎರಡರ ಮೇಲೂ ಓಡುತ್ತದೆ. ನಿಮ್ಮ ವಿಮಾನದ ಪ್ಯಾನೆಲ್‌ನಲ್ಲಿ ಗಾರ್ಮಿನ್ ಉಪಕರಣಗಳಿದ್ದರೆ ಇದರ ಪರದೆಯ ನಡೆ ಮೊದಲೇ ಪರಿಚಿತ ಎನಿಸುತ್ತದೆ. ಮನೆಯಲ್ಲಿ ಹಾಕಿದ ದಾರಿಯನ್ನು ಕಾಕ್‌ಪಿಟ್‌ನಲ್ಲಿ ನಿಸ್ತಂತುವಾಗಿ ಪ್ಯಾನೆಲ್‌ಗೆ ಕಳಿಸಬಹುದು. ಅದಕ್ಕೆ ಬೇಕಾದ ಸಂಪರ್ಕ ಸಾಧನ ವಿಮಾನದಲ್ಲಿರಬೇಕು ಅಷ್ಟೆ. ಇಂಥ ಸಾಧನಗಳಲ್ಲಿ ಕೆಲವು ಫೋರ್‌ಫ್ಲೈಟ್‌ನಿಂದಲೂ ದಾರಿಯನ್ನು ಸ್ವೀಕರಿಸುತ್ತವೆ, ಆದ್ದರಿಂದ ಇದೊಂದೇ ಕಾರಣಕ್ಕೆ ಗಾರ್ಮಿನ್‌ಗೆ ಕಟ್ಟುಬೀಳಬೇಕಿಲ್ಲ. ಅಮೆರಿಕದಲ್ಲಿ ಹಾರುತ್ತೀರಿ, ಕೈಯಲ್ಲಿರುವುದು ಆಂಡ್ರಾಯ್ಡ್, ಹಣ ಕೊಡಲು ಸಿದ್ಧರಿದ್ದೀರಿ ಎಂದಾದರೆ ನಾನು ಇದನ್ನೇ ಹೇಳುತ್ತೇನೆ.

ಸ್ಕೈಡೀಮನ್ ಬ್ರಿಟನ್ನಿನದು. ಕಣ್ಣಿನಿಂದ ನೋಡಿಕೊಂಡು ಹಾರುವ ವಿಎಫ್‌ಆರ್ ಪೈಲಟ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಐಪ್ಯಾಡ್, ಆಂಡ್ರಾಯ್ಡ್, ವಿಂಡೋಸ್ ಮೂರರಲ್ಲೂ ಇದೆ. ಕಾಗದದ ಚಾರ್ಟಿನ ಪಡಿಯಚ್ಚನ್ನು ತೋರಿಸುವ ಬದಲು ದತ್ತಾಂಶದಿಂದ ತನ್ನದೇ ನಕ್ಷೆಯನ್ನು ಬರೆಯುತ್ತದೆ. ಇದರ ಲಾಭ ಯುರೋಪಿನ ಆಕಾಶದಲ್ಲಿ ಗೊತ್ತಾಗುತ್ತದೆ. ದೊಡ್ಡ ವಿಮಾನ ನಿಲ್ದಾಣದ ಸುತ್ತ ನಿಯಂತ್ರಿತ ವಾಯುವಲಯ ತಲೆಕೆಳಗಾದ ಮೆಟ್ಟಿಲುಗಳಂತೆ ಹರಡಿರುತ್ತದೆ: ಹತ್ತಿರದಲ್ಲಿ ನೆಲದಿಂದಲೇ ಶುರು, ದೂರ ಹೋದಂತೆ 1,500 ಅಡಿ, 2,500 ಅಡಿ ಹೀಗೆ ಅದರ ತಳ ಏರುತ್ತದೆ. ಕಾಗದದ ಮೇಲೆ ಇವೆಲ್ಲ ಒಂದರ ಮೇಲೊಂದು ಬಿದ್ದ ಗೆರೆಗಳು. ಸ್ಕೈಡೀಮನ್ ನಿಮ್ಮ ದಾರಿಯನ್ನು ಪಕ್ಕದಿಂದ ಕತ್ತರಿಸಿ ತೋರಿಸುತ್ತದೆ. ಕೆಳಗೆ ಗುಡ್ಡಗಳ ಏರಿಳಿತ, ಮೇಲೆ ಬಣ್ಣದ ಡಬ್ಬಿಗಳಂತೆ ವಾಯುವಲಯ, ನಡುವೆ ನಿಮ್ಮ ಹಾರಾಟದ ಗೆರೆ. ಗೆರೆ ಡಬ್ಬಿಯ ಮೂಲೆಗೆ ತಾಗಿದ್ದರೆ ಮಗುವಿಗೂ ಕಾಣುತ್ತದೆ. ಅನುಮತಿಯಿಲ್ಲದೆ ನಿಯಂತ್ರಿತ ವಲಯಕ್ಕೆ ನುಗ್ಗುವುದು ಸಣ್ಣ ವಿಮಾನಗಳವರು ಮತ್ತೆ ಮತ್ತೆ ಮಾಡುವ ತಪ್ಪು. ಅದನ್ನು ನೆಲದ ಮೇಲೇ ಹಿಡಿದುಕೊಡುವ ಈ ಪಕ್ಕನೋಟವನ್ನು ನಾನು ತುಂಬ ಮೆಚ್ಚುತ್ತೇನೆ. ಇಂಥ ನೋಟ ಬೇರೆ ತಂತ್ರಾಂಶಗಳಲ್ಲೂ ಇದೆ, ಆದರೆ ಸ್ಕೈಡೀಮನ್‌ನಲ್ಲಿ ಅದು ಪಕ್ಕಕ್ಕೆ ಸರಿಸಿದ ಸೌಲಭ್ಯವಲ್ಲ, ಕಣ್ಣೆದುರೇ ಇರುತ್ತದೆ. ಯುರೋಪಿನಲ್ಲಿ ವಿಎಫ್‌ಆರ್ ಹಾರುವವರಿಗೆ ನನ್ನ ಮೊದಲ ಸಲಹೆ ಇದೇ.

ಉಚಿತವಾದವುಗಳಲ್ಲಿ ಸ್ಕೈವೆಕ್ಟರ್ ಬ್ರೌಸರ್‌ನಲ್ಲಿ ತೆರೆಯುವ ಜಾಲತಾಣ. ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ ದಾರಿಯ ಮೊದಲ ಕರಡು ಹಾಕಲು ಈಗಲೂ ನನಗೆ ಅದು ಇಷ್ಟ. ಅವೇರ್ ಎಂಬುದು ಅಮೆರಿಕದ ಚಾರ್ಟ್‌ಗಳನ್ನು ಬಳಸುವ ಆಂಡ್ರಾಯ್ಡ್ ಆ್ಯಪ್. ಎನ್‌ರೂಟ್ ಫ್ಲೈಟ್ ನ್ಯಾವಿಗೇಶನ್ ಮುಕ್ತ ತಂತ್ರಾಂಶ, ಜರ್ಮನಿಯ ಫ್ರೈಬುರ್ಗ್‌ನ ಹಾರಾಟ ಬಳಗವೊಂದರಿಂದ ಬಂದದ್ದು; ಜಾಹೀರಾತಿಲ್ಲ, ಚಂದಾ ಇಲ್ಲ. ಅದರ ವಾಯುವಲಯದ ಮಾಹಿತಿ ಓಪನ್‌ಎಐಪಿ ಎಂಬ ಸ್ವಯಂಸೇವಕರ ಸಂಗ್ರಹದಿಂದ ಬರುತ್ತದೆ. ಬಹಳ ಶ್ರದ್ಧೆಯಿಂದ ಮಾಡಿದ ಕೆಲಸ ಅದು, ಆದರೂ ಅಧಿಕೃತ ದಾಖಲೆಯಲ್ಲ. ಅಧಿಕೃತ ಚಾರ್ಟ್ ಜೊತೆ ಒಮ್ಮೆ ತಾಳೆ ನೋಡದೆ ಹೊರಡಬಾರದು. ಗ್ಲೈಡರ್ ಹಾರಿಸುವವರ ಅಗತ್ಯ ಪೂರ್ತಿ ಬೇರೆ, ಅವರಿಗೆ ಎಕ್ಸ್‌ಸಿಸೋರ್‌ನಂಥವು ಇವೆ.

ಇನ್ನೂ ತರಬೇತಿಯಲ್ಲಿರುವವರಿಗೆ ಒಂದು ಮಾತು. ಮೊದಲ ಕೆಲವು ದೂರದ ಹಾರಾಟಗಳನ್ನು ಕಾಗದ, ಪ್ರೊಟ್ರ್ಯಾಕ್ಟರ್ ಮತ್ತು ಇ-6ಬಿ ಎಂಬ ಲೆಕ್ಕದ ತಟ್ಟೆಯಿಂದಲೇ ಯೋಜಿಸಿ, ಪಕ್ಕದಲ್ಲಿ ಉಚಿತ ತಂತ್ರಾಂಶವೊಂದನ್ನು ಇಟ್ಟು ಹೋಲಿಸಿ. ಚಂದಾ ಕಟ್ಟುವುದನ್ನು ಆಮೇಲೆ ಯೋಚಿಸಿದರಾಯಿತು.

ಅಂಕಿ ಎಲ್ಲಿಂದ ಬಂತು?

ತಂತ್ರಾಂಶಗಳ ನಡುವಿನ ನಿಜವಾದ ವ್ಯತ್ಯಾಸ ಕಾಣುವುದು ಇಲ್ಲಿ, ಆದರೆ ಬಹುತೇಕ ಹೋಲಿಕೆಗಳು ಇದನ್ನು ಮುಟ್ಟುವುದೇ ಇಲ್ಲ. ತಂತ್ರಾಂಶಕ್ಕೆ ನಿಮ್ಮ ವಿಮಾನ ಗೊತ್ತಿಲ್ಲ. ನೀವು ತುಂಬಿದ ವಿಮಾನದ ಪ್ರೊಫೈಲ್ ಮಾತ್ರ ಗೊತ್ತು: ಏರುವಾಗಿನ ವೇಗ, ಏರುವಾಗಿನ ಇಂಧನ, ಕ್ರೂಸ್‌ನಲ್ಲಿ ನಿಜ ವಾಯುವೇಗ (ಸುತ್ತಲಿನ ಗಾಳಿಗೆ ಹೋಲಿಸಿದ ವೇಗ), ಗಂಟೆಗೆ ಖರ್ಚಾಗುವ ಇಂಧನ, ನೆಲದ ಮೇಲೆ ಓಡಾಡಲು ಬೇಕಾದ ಟ್ಯಾಕ್ಸಿ ಇಂಧನ. ಅನೇಕ ತಂತ್ರಾಂಶಗಳಲ್ಲಿ ಸೆಸ್ನಾ 172 ಎಂದು ಆರಿಸಿದರೆ ಈ ಅಂಕಿಗಳು ತಾವೇ ತುಂಬಿಕೊಳ್ಳುತ್ತವೆ. ಅನುಕೂಲವೇ ಸರಿ, ಆದರೆ ಅಪಾಯವೂ ಅಲ್ಲಿಯೇ ಇದೆ.

ನನ್ನ ಅನುಭವವನ್ನೇ ಹೇಳುತ್ತೇನೆ. ಬಾಡಿಗೆಗೆ ಹಾರಿಸುತ್ತಿದ್ದ ಹಳೆಯ ವಿಮಾನವೊಂದಕ್ಕೆ ತಾನಾಗಿ ತುಂಬಿದ್ದ ಗಂಟೆಗೆ 8.5 ಗ್ಯಾಲನ್ ಎಂಬ ಅಂಕಿಯನ್ನು ಹಾಗೆಯೇ ಬಿಟ್ಟಿದ್ದೆ. ಮೂರು ಹಾರಾಟಗಳ ನಂತರ ಟ್ಯಾಂಕ್ ತುಂಬಿಸಿದಾಗ ಪಂಪಿನ ಮೀಟರ್ ತೋರಿಸಿದ್ದನ್ನು ಹಾರಿದ ಗಂಟೆಗಳಿಂದ ಭಾಗಿಸಿದೆ, 9.6 ಬಂತು. ತಪ್ಪಿರಬೇಕೆಂದು ಮತ್ತೊಮ್ಮೆ ಭಾಗಿಸಿದೆ, ಅದೇ ಬಂತು. ಎಂಜಿನ್ ಹಳೆಯದು, ಇಂಧನ ಮತ್ತು ಗಾಳಿಯ ಮಿಶ್ರಣವನ್ನು ನಾನು ತೆಳುಮಾಡುತ್ತಿದ್ದುದೂ ಸಾಲದಾಗಿತ್ತು. ಗಂಟೆಗೆ 1.1 ಗ್ಯಾಲನ್ ಎಂದರೆ ಕಣ್ಣಿಗೆ ಸಣ್ಣದು. ನಾಲ್ಕು ಗಂಟೆಯ ಹಾರಾಟಕ್ಕೆ ಅದು 4.4 ಗ್ಯಾಲನ್, ಆ ವಿಮಾನದ ನಿಜವಾದ ಹಸಿವಿಗೆ ಸುಮಾರು 27 ನಿಮಿಷದ ಇಂಧನ. ಹಗಲಿನ ವಿಎಫ್‌ಆರ್ ಹಾರಾಟಕ್ಕೆ ಅಮೆರಿಕದ ನಿಯಮ ಕೇಳುವ ಮೀಸಲು 30 ನಿಮಿಷ. ಪರದೆಯ ಲೆಕ್ಕದಲ್ಲಿ ಆ 30 ನಿಮಿಷ ಎಂದರೆ 4.25 ಗ್ಯಾಲನ್ ಮಾತ್ರ. ಮೀಸಲು ಇದೆ ಎಂದು ಪರದೆ ಹಸಿರು ಬಣ್ಣದಲ್ಲಿ ಹೇಳುತ್ತಿದ್ದಾಗ ಟ್ಯಾಂಕ್ ಬರಿದಾಗಿರುತ್ತಿತ್ತು. ತಂತ್ರಾಂಶ ಲೆಕ್ಕ ತಪ್ಪಿರಲಿಲ್ಲ. ನಾನು ಕೊಟ್ಟ ಅಂಕಿಯೇ ತಪ್ಪಾಗಿತ್ತು, ಅದನ್ನು ನೋಡುವಂತೆ ಪರದೆ ನನ್ನನ್ನು ಒತ್ತಾಯಿಸಲಿಲ್ಲ.

ಅಂದಿನಿಂದ ನಾನು ಯಾವ ತಂತ್ರಾಂಶವನ್ನು ಪರೀಕ್ಷಿಸಿದರೂ ಮೊದಲು ನೋಡುವುದು ಇದನ್ನು: ಯೋಜನೆಯ ಹಾಳೆಯಲ್ಲಿ ಯಾವ ಬಳಕೆಯ ದರ, ಯಾವ ವೇಗ, ಯಾವ ಗಾಳಿ ಹಿಡಿದು ಲೆಕ್ಕ ಮಾಡಿದೆ ಎಂದು ಒಂದೇ ನೋಟಕ್ಕೆ ಕಾಣುತ್ತದೆಯೇ? ಅಮೆರಿಕದವರು ನ್ಯಾವ್‌ಲಾಗ್ ಎಂದೂ ಬ್ರಿಟನ್ನಿನವರು ಪ್ಲಾಗ್ ಎಂದೂ ಕರೆಯುವ ಆ ಹಾಳೆಯಲ್ಲಿ ಪ್ರತಿ ಹಂತದ ಗಾಳಿ, ನೆಲವೇಗ, ಇಂಧನ ಬೇರೆ ಬೇರೆಯಾಗಿ ಇರಬೇಕು. ಒಟ್ಟು ಸಮಯ, ಒಟ್ಟು ಇಂಧನ ಎಂದು ಎರಡೇ ಅಂಕಿ ಕೊಟ್ಟು ಸುಮ್ಮನಾಗುವ ತಂತ್ರಾಂಶವನ್ನು ನಾನು ನಂಬುವುದಿಲ್ಲ.

ಲೆಕ್ಕದ ಯಂತ್ರ ಸರಿಯಿದೆಯೇ ಎಂದು ನೋಡಲು ಹತ್ತು ನಿಮಿಷ ಸಾಕು. ಏರಿಕೆ ಇಳಿಕೆಗಳ ವ್ಯತ್ಯಾಸವಿಲ್ಲದ, 100 ನಾಟ್ (ಗಂಟೆಗೆ 100 ನಾಟಿಕಲ್ ಮೈಲಿ) ನಿಜ ವಾಯುವೇಗದ ಕಾಲ್ಪನಿಕ ವಿಮಾನವೊಂದನ್ನು ತುಂಬಿ. 100 ನಾಟಿಕಲ್ ಮೈಲಿ ಹೋಗಿ, ಅಷ್ಟೇ ದೂರ ಮರಳುವ ದಾರಿ ಹಾಕಿ. ಗಾಳಿಯನ್ನು ಕೈಯಾರೆ ಕೊಡಲು ಬಿಡುವ ತಂತ್ರಾಂಶವಾದರೆ ಮೊದಲು ಸೊನ್ನೆ ಕೊಡಿ: 120 ನಿಮಿಷ ಬರಬೇಕು. ಆಮೇಲೆ ಹೋಗುವಾಗ ನೇರ ಎದುರಿನಿಂದ 20 ನಾಟ್ ಕೊಡಿ: ಹೋಗಲು 75, ಬರಲು 50, ಒಟ್ಟು 125. ಹೋಗುವಾಗ ಕಳೆದದ್ದನ್ನು ಹಿಂಗಾಳಿ ಪೂರ್ತಿ ಮರಳಿಸುವುದಿಲ್ಲ ಎಂಬುದನ್ನು ಈ ಐದು ನಿಮಿಷ ತೋರಿಸುತ್ತದೆ. ಕೊನೆಗೆ ಅದೇ 20 ನಾಟನ್ನು ನೇರ ಪಕ್ಕದಿಂದ ಕೊಡಿ: ಮೂಗನ್ನು ಸುಮಾರು ಹನ್ನೊಂದೂವರೆ ಡಿಗ್ರಿ ಗಾಳಿಯ ಕಡೆಗೆ ತಿರುಗಿಸಬೇಕು, ನೆಲವೇಗ 98ಕ್ಕೆ ಇಳಿಯುತ್ತದೆ, ಒಟ್ಟು ಸಮಯ 122 ನಿಮಿಷದ ಮೇಲೆ ಸ್ವಲ್ಪ. ಈ ಮೂರೂ ಸರಿ ಬಂದರೆ ಗಾಳಿಯ ತ್ರಿಕೋನ ಸರಿಯಿದೆ. ಗಾಳಿಯನ್ನು ಕೈಯಾರೆ ಕೊಡಲು ಬಿಡದ ತಂತ್ರಾಂಶವಾದರೆ, ಅದು ಯಾವ ಎತ್ತರದ, ಯಾವ ಗಂಟೆಯ ಮುನ್ಸೂಚನೆಯನ್ನು ಬಳಸಿತು ಎಂದಾದರೂ ಹೇಳಬೇಕು.

ಅಳತೆಯ ಮಾನಗಳ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟಾಗಿರಿ. ಅಮೆರಿಕದ ಗ್ಯಾಲನ್ 3.785 ಲೀಟರ್, ಬ್ರಿಟಿಷ್ ಗ್ಯಾಲನ್ 4.546 ಲೀಟರ್. ಸಣ್ಣ ವಿಮಾನಗಳ ಪೆಟ್ರೋಲಾದ ಏವ್‌ಗ್ಯಾಸ್ ಲೀಟರಿಗೆ ಸುಮಾರು 0.72 ಕಿಲೊಗ್ರಾಂ, ಅಮೆರಿಕದ ಗ್ಯಾಲನ್ನಿಗೆ 6 ಪೌಂಡ್. 1983ರಲ್ಲಿ ಕೆನಡಾದ ಬೋಯಿಂಗ್ 767 ಒಂದು ಆಕಾಶದಲ್ಲೇ ಇಂಧನ ಮುಗಿದು ಗಿಮ್ಲಿ ಎಂಬಲ್ಲಿ ತೇಲಿ ಇಳಿಯಬೇಕಾಯಿತು. ಲೀಟರನ್ನು ಕಿಲೊಗ್ರಾಂಗೆ ಬದಲಿಸುವಾಗ ಪೌಂಡಿನ ಗುಣಕವನ್ನು ಬಳಸಿದ್ದರಿಂದ ಬೇಕಿದ್ದುದರ ಅರ್ಧಕ್ಕಿಂತ ಕಡಿಮೆ ಇಂಧನದೊಂದಿಗೆ ಹೊರಟಿದ್ದರು. ಅಷ್ಟು ದೊಡ್ಡ ಸಂಸ್ಥೆಯಲ್ಲಿ ಆದದ್ದು ಬಾಡಿಗೆ ವಿಮಾನದಲ್ಲಿ ಒಬ್ಬರೇ ಕುಳಿತವರಿಗೆ ಆಗದೇ? ಇಂಧನದ ಪ್ರತಿ ಅಂಕಿಯ ಪಕ್ಕದಲ್ಲೂ ಅದರ ಮಾನವನ್ನು ಬರೆದು ತೋರಿಸುವ ತಂತ್ರಾಂಶವೇ ಆಗಬೇಕು. ಪ್ಯಾನೆಲ್‌ನ ಗೇಜ್ ಯಾವ ಮಾನದಲ್ಲಿದೆಯೋ ತಂತ್ರಾಂಶವನ್ನೂ ಅದೇ ಮಾನಕ್ಕೆ ಹೊಂದಿಸಿ.

ತೂಕ ಮತ್ತು ಸಮತೋಲನದ ಪುಟ ಈಗ ಹೆಚ್ಚಿನ ತಂತ್ರಾಂಶಗಳಲ್ಲಿದೆ. ಅದಕ್ಕೆ ತುಂಬಬೇಕಾದದ್ದು ಕೈಪಿಡಿಯಲ್ಲಿ ಮಾದರಿಗೆಂದು ಕೊಟ್ಟ ತೂಕವಲ್ಲ, ನಿಮ್ಮ ವಿಮಾನವನ್ನೇ ತೂಗಿ ಬರೆದ ಇತ್ತೀಚಿನ ವರದಿಯ ತೂಕ. ಹೊರಡುವಾಗಿನ ಗುರುತ್ವ ಕೇಂದ್ರದ ಬಿಂದುವಿನ ಜೊತೆ ಇಂಧನ ಖರ್ಚಾಗಿ ಇಳಿಯುವಾಗಿನ ಬಿಂದುವನ್ನೂ ತೋರಿಸುತ್ತದೆಯೇ ನೋಡಿ. ಟೇಕಾಫ್ ದೂರದ ಲೆಕ್ಕ ಮಾತ್ರ ಎಲ್ಲದರಲ್ಲೂ ಇಲ್ಲ, ಇದ್ದರೂ ಎಲ್ಲ ವಿಮಾನಗಳಿಗಿಲ್ಲ. ಅದನ್ನು ಕೈಪಿಡಿಯ ಕೋಷ್ಟಕದಿಂದಲೇ ಮಾಡಿ. 4,000 ಅಡಿ ಎತ್ತರದ ರನ್‌ವೇಯಲ್ಲಿ ಆ ಎತ್ತರದ ಪ್ರಮಾಣಿತ ಉಷ್ಣತೆ 7 ಡಿಗ್ರಿ. ಮಧ್ಯಾಹ್ನ 32 ಡಿಗ್ರಿ ಇದ್ದರೆ 25 ಡಿಗ್ರಿ ಹೆಚ್ಚು, ಡಿಗ್ರಿಗೆ 120 ಅಡಿಯಂತೆ 3,000 ಅಡಿ. ಎಂಜಿನ್ನಿಗೂ ರೆಕ್ಕೆಗೂ ಅದು 7,000 ಅಡಿಯ ಗಾಳಿ. ತಂತ್ರಾಂಶ ಈ ಸಾಂದ್ರತಾ ಎತ್ತರವನ್ನು ನಿಲ್ದಾಣದ ಪುಟದಲ್ಲೇ ಎದ್ದು ಕಾಣುವಂತೆ ತೋರಿಸಿದರೆ ನನ್ನಿಂದ ಅದಕ್ಕೆ ಹೆಚ್ಚಿನ ಅಂಕ.

ಹವಾಮಾನ ಮತ್ತು ನೋಟಮ್

ಮೆಟಾರ್ (ನಿಲ್ದಾಣದ ಈಗಿನ ಹವಾಮಾನ), ಟ್ಯಾಫ್ (ಅದರ ಮುನ್ಸೂಚನೆ), ಮೇಲಿನ ಗಾಳಿ, ಸಿಗ್ಮೆಟ್ (ಅಪಾಯಕರ ಹವಾಮಾನದ ಎಚ್ಚರಿಕೆ) ಹೆಚ್ಚಿನ ತಂತ್ರಾಂಶಗಳಲ್ಲಿ ಸಿಗುತ್ತವೆ. ವ್ಯತ್ಯಾಸ ಇರುವುದು ಎರಡು ಕಡೆ.

ಒಂದು, ನೋಟಮ್‌ಗಳನ್ನು, ಅಂದರೆ ಪೈಲಟ್‌ಗಳಿಗೆ ಹೊರಡಿಸುವ ಸೂಚನೆಗಳನ್ನು, ಹೇಗೆ ತೋರಿಸುತ್ತದೆ ಎಂಬುದು. ಎರಡು ಗಂಟೆಯ ಹಾರಾಟಕ್ಕೂ ಹತ್ತಾರು ಪುಟಗಳ ನೋಟಮ್ ಬರಬಹುದು. ದೀಪ ಕೆಟ್ಟ ಕ್ರೇನಿನ ಸುದ್ದಿ, ಟ್ಯಾಕ್ಸಿವೇಯ ಬಣ್ಣದ ಸುದ್ದಿ, ಇವುಗಳ ನಡುವೆ ನಿಮ್ಮ ದಾರಿಯಲ್ಲೇ ಮುಚ್ಚಿದ ವಾಯುವಲಯದ ಒಂದು ಸಾಲು. ಅದನ್ನು ಕಣ್ಣು ತಪ್ಪಿಸಿಬಿಡುತ್ತದೆ. ನಿಮ್ಮ ದಾರಿ, ಎತ್ತರ, ಸಮಯಕ್ಕೆ ಸಂಬಂಧಿಸಿದವನ್ನು ಜರಡಿ ಹಿಡಿದು ನಕ್ಷೆಯ ಮೇಲೆಯೇ ಬರೆದು ತೋರಿಸುವ ತಂತ್ರಾಂಶ ನಿಜಕ್ಕೂ ಜೀವ ಉಳಿಸುವ ಕೆಲಸ ಮಾಡುತ್ತದೆ. ಸ್ಕೈಡೀಮನ್ ಇದರಲ್ಲಿ ಗಟ್ಟಿ. ಆದರೆ ಜರಡಿಯಲ್ಲಿ ಕೆಳಗೆ ಬಿದ್ದವುಗಳ ಪೂರ್ತಿ ಪಟ್ಟಿಯೂ ಬೇಕೆಂದಾಗ ಸಿಗಬೇಕು.

ಇನ್ನೊಂದು, ನೀವು ಹವಾಮಾನ ಓದಿದ ದಾಖಲೆ ಉಳಿಯುತ್ತದೆಯೇ ಎಂಬುದು. ಹೊರಡುವ ಮೊದಲು ಹಾರಾಟಕ್ಕೆ ಸಂಬಂಧಿಸಿದ, ಲಭ್ಯವಿರುವ ಎಲ್ಲ ಮಾಹಿತಿಯನ್ನೂ ಪೈಲಟ್ ತಿಳಿದಿರಬೇಕು ಎಂದು ಅಮೆರಿಕದ ನಿಯಮ ಹೇಳುತ್ತದೆ. ಯಾವಾಗ, ಯಾವ ಬ್ರೀಫಿಂಗ್ ತೆಗೆದುಕೊಂಡಿರಿ ಎಂಬುದನ್ನು ಗಂಟೆ ನಿಮಿಷ ಸಹಿತ ಉಳಿಸಿಡುವ ತಂತ್ರಾಂಶ ಮುಂದೊಮ್ಮೆ ಪ್ರಶ್ನೆ ಬಂದಾಗ ನೆರವಾಗುತ್ತದೆ.

ಹಾರುತ್ತಿರುವಾಗ ಹವಾಮಾನ ಬೇಕೆಂದರೆ ಮತ್ತೆ ಪ್ರದೇಶದ ಮಾತು ಬರುತ್ತದೆ. ಅಮೆರಿಕದಲ್ಲಿ ನೆಲದ ಕೇಂದ್ರಗಳು 978 ಮೆಗಾಹರ್ಟ್ಝ್‌ನಲ್ಲಿ ಹವಾಮಾನವನ್ನು ಉಚಿತವಾಗಿ ಪ್ರಸಾರ ಮಾಡುತ್ತವೆ. ಈ ಪ್ರಸಾರವನ್ನು ಹಿಡಿಯುವ, ಕೈಯಲ್ಲಿ ಹಿಡಿಯುವಷ್ಟು ಸಣ್ಣ ಎಡಿಎಸ್-ಬಿ ರಿಸೀವರ್ ಇದ್ದರೆ ಅದು ಟ್ಯಾಬ್ಲೆಟ್‌ಗೆ ಬರುತ್ತದೆ. ಕೆಲವು ರಿಸೀವರ್‌ಗಳು ಒಂದೇ ಕಂಪನಿಯ ಆ್ಯಪ್ ಜೊತೆ ಮಾತ್ರ ಪೂರ್ತಿ ಕೆಲಸ ಮಾಡುತ್ತವೆ. ಆದ್ದರಿಂದ ಆ್ಯಪ್ ಮೊದಲು, ರಿಸೀವರ್ ಆಮೇಲೆ. ಸ್ಟ್ರ್ಯಾಟಕ್ಸ್ ಎಂಬ ಮುಕ್ತ ವಿನ್ಯಾಸದ ರಿಸೀವರನ್ನು ಮನೆಯಲ್ಲೇ ಜೋಡಿಸಿಕೊಳ್ಳುವವರೂ ಇದ್ದಾರೆ.

ಮಳೆಯ ರೇಡಾರ್ ಚಿತ್ರದ ಬಗ್ಗೆ ಮಾತ್ರ ಒತ್ತಿ ಹೇಳಲೇಬೇಕು. ಚಿತ್ರದ ಮೂಲೆಯಲ್ಲಿ ಬರೆದಿರುವ ವಯಸ್ಸಿಗಿಂತ ಅದರೊಳಗಿನ ಮಾಹಿತಿ 15ರಿಂದ 20 ನಿಮಿಷ ಹೆಚ್ಚು ಹಳೆಯದಾಗಿರಬಹುದು ಎಂದು ಅಮೆರಿಕದ ಅಪಘಾತ ತನಿಖಾ ಮಂಡಳಿ 2012ರಲ್ಲೇ ಎಚ್ಚರಿಸಿತ್ತು. 30 ನಾಟ್ ವೇಗದಲ್ಲಿ ಸಾಗುವ ಗುಡುಗುಮೋಡ 20 ನಿಮಿಷದಲ್ಲಿ 10 ನಾಟಿಕಲ್ ಮೈಲಿ ಮುಂದೆ ಬಂದಿರುತ್ತದೆ. ಪರದೆಯಲ್ಲಿ ಎರಡು ಮೋಡಗಳ ನಡುವೆ ಕಾಣುವ ಕಿಂಡಿ ಕಿಟಕಿಯ ಹೊರಗೆ ಇಲ್ಲದಿರಬಹುದು. ಆ ಚಿತ್ರ ದೂರದಿಂದಲೇ ಸುತ್ತಿಹೋಗಲು; ನಡುವೆ ನುಸುಳಲು ಅಲ್ಲ. ಯಾವ ತಂತ್ರಾಂಶಕ್ಕೆ ಎಷ್ಟು ಚಂದಾ ಕಟ್ಟಿದರೂ ಈ ಮಿತಿ ಬದಲಾಗುವುದಿಲ್ಲ.

ಸಾಧನ

ವೈಫೈ ಮಾತ್ರ ಇರುವ ಐಪ್ಯಾಡ್‌ಗಳಲ್ಲಿ ಜಿಪಿಎಸ್ ಇಲ್ಲ. ಸಿಮ್ ಹಾಕುವ ಸೆಲ್ಯುಲಾರ್ ಮಾದರಿಗಳಲ್ಲಿ ಇದೆ, ಸಿಮ್ ಹಾಕದಿದ್ದರೂ ಅದು ಕೆಲಸ ಮಾಡುತ್ತದೆ. ವೈಫೈ ಮಾದರಿ ಈಗಾಗಲೇ ಮನೆಯಲ್ಲಿದ್ದರೆ ಹೊರಗಿನ ಜಿಪಿಎಸ್ ರಿಸೀವರ್ ಜೋಡಿಸಬಹುದು, ಎಡಿಎಸ್-ಬಿ ರಿಸೀವರ್‌ಗಳಲ್ಲಿ ಅನೇಕವು ಜಿಪಿಎಸ್ ಸ್ಥಾನವನ್ನೂ ಕೊಡುತ್ತವೆ. ನನ್ನ ಆ ಮೊದಲ ಟ್ಯಾಬ್ಲೆಟ್ ಇಂದಿಗೂ ಹೀಗೆಯೇ ಬದುಕಿದೆ.

ಇನ್ನು ಬಿಸಿಲು. ಐಪ್ಯಾಡ್ 35 ಡಿಗ್ರಿವರೆಗಿನ ಸುತ್ತಲಿನ ಉಷ್ಣತೆಗೆ ಮಾಡಿದ್ದು. ನೆಲದ ಮೇಲೆ ನಿಂತ ಸಣ್ಣ ವಿಮಾನದ ಗಾಜಿನ ಗೂಡಿನಲ್ಲಿ ಆ ಅಂಕಿಯನ್ನು ದಾಟಲು ಹೆಚ್ಚು ಹೊತ್ತು ಬೇಡ. ದಾಟಿದರೆ ಪರದೆ ಮಂಕಾಗಿ, ಕೊನೆಗೆ ತಣ್ಣಗಾಗುವವರೆಗೆ ಏನನ್ನೂ ತೋರಿಸುವುದಿಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಇಡಬೇಡಿ, ದಪ್ಪ ಕವಚ ತೆಗೆಯಿರಿ, ಗಾಳಿಕಿಂಡಿಯ ಹತ್ತಿರ ಸಿಕ್ಕಿಸಿ, ಚಾರ್ಜ್ ಮಾಡುತ್ತಲೇ ಬಿಸಿಲಿನಲ್ಲಿ ಬಳಸಬೇಡಿ. ಅದೇ ಆ್ಯಪ್, ಅದೇ ದಾರಿ ತುಂಬಿದ ಫೋನ್ ಜೇಬಿನಲ್ಲಿರಲಿ. ಒಂದೇ ಚಂದಾದಲ್ಲಿ ಎಷ್ಟು ಸಾಧನಗಳಿಗೆ ಅವಕಾಶವಿದೆ ಎಂದು ಕೇಳಬೇಕಾದದ್ದು ಇದಕ್ಕಾಗಿಯೇ. ಕಾಗದದ ಚಾರ್ಟನ್ನು ನಾನಂತೂ ಇನ್ನೂ ಬಿಟ್ಟಿಲ್ಲ.

ಇಂಟರ್ನೆಟ್ ಇಲ್ಲದೆ ಎಷ್ಟು ಕೆಲಸ ಮಾಡುತ್ತದೆ ಎಂಬುದನ್ನು ಮನೆಯಲ್ಲೇ ತಿಳಿಯಬಹುದು. ದಾರಿ ಹಾಕಿ, ಬೇಕಾದದ್ದನ್ನೆಲ್ಲ ಇಳಿಸಿಕೊಂಡು, ಟ್ಯಾಬ್ಲೆಟ್ಟನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಆ್ಯಪನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ದಾರಿಯ ಪ್ರತಿ ನಿಲ್ದಾಣದ ನಕ್ಷೆಯನ್ನೂ ತೆರೆದು ನೋಡಿ. ದಾರಿಯನ್ನು 40 ಮೈಲಿ ಪಕ್ಕಕ್ಕೆ ಎಳೆದು ಅಲ್ಲಿಯೂ ನಕ್ಷೆ ಇದೆಯೇ ನೋಡಿ. ಹವಾಮಾನ ಕೆಟ್ಟಾಗ ನೀವು ಹೋಗುವುದು ಅಲ್ಲಿಗೇ.

ಐಎಫ್‌ಆರ್ ಮತ್ತು ಹಣ

ಉಪಕರಣಗಳನ್ನು ನಂಬಿ ಹಾರುವ ಐಎಫ್‌ಆರ್ ಪೈಲಟ್‌ಗಳ ಅಗತ್ಯ ಬೇರೆ. ಅಮೆರಿಕದಲ್ಲಿ ಫೋರ್‌ಫ್ಲೈಟ್ ಅಥವಾ ಗಾರ್ಮಿನ್ ಪೈಲಟ್ ಎರಡರಲ್ಲಿ ಯಾವುದಾದರೂ ನಡೆಯುತ್ತದೆ. ಯುರೋಪಿನಲ್ಲಿ ಐಎಫ್‌ಆರ್ ಫ್ಲೈಟ್ ಪ್ಲಾನ್ ಯೂರೋಕಂಟ್ರೋಲ್‌ನ ಗಣಕ ವ್ಯವಸ್ಥೆ ಒಪ್ಪುವಂತಿರಬೇಕು. ಒಪ್ಪಿಗೆಯಾಗುವ ದಾರಿಯನ್ನು ಕೈಯಿಂದ ಹುಡುಕುವುದು ತಾಳ್ಮೆ ಕೆಡಿಸುವ ಕೆಲಸ. ಆಟೋರೂಟರ್ ಎಂಬ ಸೇವೆ ಆ ದಾರಿಯನ್ನು ತಾನೇ ಹುಡುಕಿಕೊಡುತ್ತದೆ.

ಚಂದಾ ಸಾಮಾನ್ಯವಾಗಿ ವರ್ಷದ ಲೆಕ್ಕ, ಎರಡು ಮೂರು ದರ್ಜೆಗಳು. ವಿಎಫ್‌ಆರ್ ಮಾತ್ರ ಹಾರುವವರು ಕೆಳಗಿನ ದರ್ಜೆಯಿಂದ ಶುರು ಮಾಡಲಿ. ಒಂದು ವರ್ಷದಲ್ಲಿ ಹಾರುವ ಗಂಟೆಗಳಿಂದ ಚಂದಾವನ್ನು ಭಾಗಿಸಿ, ಗಂಟೆಯ ಇಂಧನದ ಖರ್ಚಿನ ಪಕ್ಕದಲ್ಲಿಟ್ಟು ನೋಡಿ. ಹಣ ಕೊಡುವ ತಂತ್ರಾಂಶ ಬೇಕೇ, ಉಚಿತದ್ದು ಸಾಕೇ ಎಂಬುದು ಬೇಗ ಬಗೆಹರಿಯುತ್ತದೆ.

ಪ್ರಯೋಗದ ಅವಧಿ

ಚಂದಾ ತಂತ್ರಾಂಶಗಳಲ್ಲಿ ಹೆಚ್ಚಿನವು ಕೆಲವು ದಿನ ಉಚಿತವಾಗಿ ಬಳಸಲು ಬಿಡುತ್ತವೆ. ಆ ದಿನಗಳು ಹಾರಾಟವಿಲ್ಲದ ವಾರಗಳಲ್ಲಿ ಕಳೆದುಹೋಗದಂತೆ, ಹಾರಾಟ ನಿಗದಿಯಾದ ಮೇಲೆ ಶುರುಮಾಡಿ. ಒಂದೇ ಹಾರಾಟವನ್ನು ಎರಡು ತಂತ್ರಾಂಶಗಳಲ್ಲಿ ಯೋಜಿಸಿ, ಅಂಕಿಗಳು ಎಲ್ಲಿ ಬೇರೆಯಾದವು ಎಂದು ಹುಡುಕಿ. ಹೆಚ್ಚಿನ ಸಲ ಒಂದು ಟ್ಯಾಕ್ಸಿ ಇಂಧನವನ್ನು ಸೇರಿಸಿರುತ್ತದೆ, ಇನ್ನೊಂದು ಸೇರಿಸಿರುವುದಿಲ್ಲ. ಇಳಿದ ಮೇಲೆ ನಿಜವಾಗಿ ಆದ ಸಮಯವನ್ನೂ ಇಂಧನವನ್ನೂ ಎರಡರ ಪಕ್ಕದಲ್ಲಿ ಬರೆದುಕೊಳ್ಳಿ.

ಹಾರುವಾಗಿನ ಪರೀಕ್ಷೆಗೆ ಬೋಧಕರನ್ನೋ ಇನ್ನೊಬ್ಬ ಪೈಲಟನ್ನೋ ಜೊತೆಗೆ ಕರೆದುಕೊಳ್ಳಿ. ವಿಮಾನವನ್ನು ಅವರು ಹಾರಿಸಲಿ. ಅರ್ಧ ದಾರಿಯಲ್ಲಿ ಅವರು ಒಂದು ನಿಲ್ದಾಣದ ಹೆಸರು ಹೇಳಿ "ಅಲ್ಲಿಗೆ ತಿರುಗಿಸಬೇಕು" ಎನ್ನಲಿ. ದಿಕ್ಕು, ದೂರ, ಸಮಯ, ಅಲ್ಲಿ ಉಳಿಯುವ ಇಂಧನ, ರನ್‌ವೇಯ ಉದ್ದ, ತರಂಗಾಂತರ ಈ ಆರನ್ನೂ ಹೇಳಲು ಎಷ್ಟು ಸೆಕೆಂಡು ಹಿಡಿಯಿತು, ಎಷ್ಟು ಸಲ ಪರದೆ ಮುಟ್ಟಬೇಕಾಯಿತು, ಅಷ್ಟರಲ್ಲಿ ಎಷ್ಟು ಹೊತ್ತು ನೀವು ಕಿಟಕಿಯ ಹೊರಗೆ ನೋಡಲಿಲ್ಲ ಎಂಬುದನ್ನು ಅವರೇ ಎಣಿಸಲಿ. ಆಮೇಲೆ ಇನ್ನೊಂದು ತಂತ್ರಾಂಶ ತೆರೆದು ಮತ್ತೊಂದು ನಿಲ್ದಾಣಕ್ಕೆ ಇದನ್ನೇ ಮಾಡಿ. ಅಲ್ಲಾಡುವ ಕಾಕ್‌ಪಿಟ್‌ನಲ್ಲಿ ನಿಮ್ಮ ಬೆರಳು ಎರಡರಲ್ಲಿ ಯಾವುದನ್ನು ಬೇಗ ಕಲಿಯಿತೋ ಅದಕ್ಕೆ ವರ್ಷದ ಚಂದಾ ಕಟ್ಟಿ.